ಥೆರಪಿ ಕೋಣೆಯಿಂದ ಮುಖ್ಯಸ್ಥರ ಕುರ್ಚಿಗೆ: ಮಾನಸಿಕ ಆರೋಗ್ಯ ಕೇಂದ್ರ ನಡೆಸಲು ಹೊರಟ ಸೈಕಾಲಜಿಸ್ಟರಿಗೆ ಸಮಗ್ರ ಮಾರ್ಗದರ್ಶಿ

ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಒಂದೇ ಕಡೆ ಏಳೆಂಟು ವರ್ಷ ಚೆನ್ನಾಗಿ ಕೆಲಸ ಮಾಡಿದರೆ ಆಡಳಿತ ಮಂಡಳಿಯವರು ಒಂದು ದಿನ ಕರೆದು, ಕಾಫಿ ತರಿಸಿ, ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಇನ್ಮೇಲೆ ಸೆಂಟರ್ ನೀವೇ ನೋಡ್ಕೊಳ್ಳಿ ಮೇಡಂ."

ತೊಂದರೆ ಶುರುವಾಗುವುದೇ ಈ "ನೋಡ್ಕೊಳ್ಳಿ"ಯಿಂದ. ರಾತ್ರಿ ಪಾಳಿಗೆ ಆಳು ಬರದಿದ್ದರೆ ನೋಡಿಕೊಳ್ಳುವುದೇ? ಮನೋವೈದ್ಯರ ಜೊತೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದ್ದು? ಯಾರದೋ ಜೀವ ಹೋದರೆ ಪೊಲೀಸರ ಮುಂದೆ ಹೇಳಿಕೆ ಕೊಡುವವರು ಯಾರು? ಚೆಕ್‌ಗೆ ಸಹಿ ಯಾರದ್ದು? ಇದ್ಯಾವುದೂ ಆ ಮಾತಿನಲ್ಲಿ ಇರುವುದಿಲ್ಲ. ಕರ್ನಾಟಕದಲ್ಲಿ ಹಾಫ್‌ವೇ ಹೋಮ್ (ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆ), ಪುನರ್ವಸತಿ ಕೇಂದ್ರ, ವ್ಯಸನಮುಕ್ತಿ ಕೇಂದ್ರ ಅಥವಾ ಸಣ್ಣ ಮಾನಸಿಕ ಆಸ್ಪತ್ರೆಯ ಹೊಣೆ ಹೊರಲು ಹೊರಟವರು ಆ ಒಂದು ಪದವನ್ನು ಬಿಡಿಸಿ ಕಾಗದದ ಮೇಲೆ ಇಳಿಸಿಕೊಳ್ಳುವುದು ಹೇಗೆ ಎಂಬುದು ಈ ಬರಹದ ವಿಷಯ. ಉದಾಹರಣೆಗೆ 30 ಹಾಸಿಗೆಗಳ ಒಂದು ಪುನರ್ವಸತಿ ಕೇಂದ್ರವನ್ನು ಇಟ್ಟುಕೊಂಡಿದ್ದೇವೆ.

ಹಂತ 1: ಕಾನೂನು ನಿಮಗೆ ಎಲ್ಲಿವರೆಗೆ ಬಾಗಿಲು ತೆರೆದಿದೆ ಎಂದು ನೋಡಿ

"ಮುಖ್ಯಸ್ಥರು ಡಾಕ್ಟರೇ ಆಗಿರಬೇಕು" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಾಗೆ ಹೇಳುವುದಿಲ್ಲ. ದಾಖಲಾತಿಯ ಕಲಮುಗಳಲ್ಲಿ ಅದು ಬಳಸುವ ಮಾತು "ಸಂಸ್ಥೆಯ ಹೊಣೆ ಹೊತ್ತ ವೈದ್ಯಾಧಿಕಾರಿ ಅಥವಾ ಮಾನಸಿಕ ಆರೋಗ್ಯ ವೃತ್ತಿಪರ" ಎಂದು. ಆ "ಅಥವಾ"ದಲ್ಲಿ ನಿಮ್ಮ ಜಾಗ ಇದೆ.

ಆದರೆ "ಮಾನಸಿಕ ಆರೋಗ್ಯ ವೃತ್ತಿಪರ" ಎಂದರೆ ಯಾರು? ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಸಾಲದು. ಸೆಕ್ಷನ್ 55ರ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯ ನರ್ಸ್, ಪಿಎಸ್‌ಡಬ್ಲ್ಯು (ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು) ಮೂವರೂ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಆರ್‌ಸಿಐನ ಸಿಆರ್‌ಆರ್ ಸಂಖ್ಯೆಯ (ಅಲ್ಲಿನ ನೋಂದಣಿ ಸಂಖ್ಯೆಯ) ಅವಧಿ ಮುಗಿದಿಲ್ಲವೇ, ರಾಜ್ಯ ಪ್ರಾಧಿಕಾರದ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ, ಇವೆರಡನ್ನೂ ಕುರ್ಚಿ ಒಪ್ಪುವ ಮೊದಲೇ ನೋಡಿಕೊಳ್ಳಿ. ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಮಾಡಿ ಕೌನ್ಸೆಲರ್ ಆಗಿರುವವರು ಆಡಳಿತಾಧಿಕಾರಿ ಆಗಬಹುದು. ಕಾಯ್ದೆ ಕೇಳುವ ಸಹಿಗಳಿಗೆ ಮಾತ್ರ ಬೇರೊಬ್ಬ ಅರ್ಹರನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಬಾಗಿಲು ಎಲ್ಲಿ ಮುಚ್ಚಿದೆ ಎಂಬುದೂ ಅಷ್ಟೇ ಸ್ಪಷ್ಟ. ತನ್ನ ವೃತ್ತಿಕ್ಷೇತ್ರಕ್ಕೆ ಸೇರದ ಔಷಧಿ ಅಥವಾ ಚಿಕಿತ್ಸೆಯನ್ನು ಯಾವ ವೃತ್ತಿಪರನೂ ಸೂಚಿಸುವಂತಿಲ್ಲ (ಸೆಕ್ಷನ್ 106). ಸೆಕ್ಷನ್ 89ರ ಬೆಂಬಲಿತ ದಾಖಲಾತಿಗೆ, ಅಂದರೆ ತಾವಾಗಿ ತೀರ್ಮಾನಿಸಲಾಗದಷ್ಟು ಕಾಯಿಲೆ ಇರುವವರನ್ನು ಅವರ ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಿಸಿಕೊಳ್ಳುವುದಕ್ಕೆ, ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ಎರಡನೆಯವರು ನೀವು ಆಗಬಹುದು. ದೈಹಿಕ ನಿರ್ಬಂಧಕ್ಕೆ ಅನುಮತಿ ಕೊಡುವವರು ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರು, ನೀವಲ್ಲ. ಹೀಗಾಗಿ ವಾರಕ್ಕೊಮ್ಮೆ ಬಂದು ಹೋಗುವ ಮನೋವೈದ್ಯರನ್ನು ನೆಚ್ಚಿಕೊಂಡು ಬೆಂಬಲಿತ ದಾಖಲಾತಿ ತೆಗೆದುಕೊಳ್ಳುವ ಕೇಂದ್ರದ ಮುಖ್ಯಸ್ಥರಾಗುವುದು ಒಳ್ಳೆಯ ಆಲೋಚನೆಯಲ್ಲ. ಮಿಕ್ಕ ಆರು ದಿನ ಫೋನಿನಲ್ಲಿ ಯಾರು ಸಿಗುತ್ತಾರೆ ಎಂಬುದು ಲಿಖಿತವಾಗಿ ಇರಲೇಬೇಕು.

ಸಂಸ್ಥೆಯ ನೋಂದಣಿಯನ್ನೂ ಇದೇ ಹಂತದಲ್ಲಿ ಕೇಳಿ ನೋಡಿ. "ನಮ್ಮದು ಆಸ್ಪತ್ರೆ ಅಲ್ಲ, ಮನೆಯ ಹಾಗೆ" ಎಂಬ ಉತ್ತರ ಬಂದರೆ ಎಚ್ಚರ. ಮಾನಸಿಕ ಕಾಯಿಲೆ ಇರುವವರು ದಾಖಲಾಗಿ ಉಳಿದು ಆರೈಕೆ ಅಥವಾ ಪುನರ್ವಸತಿ ಪಡೆಯುವ ಜಾಗ ಕಾಯ್ದೆಯ ಲೆಕ್ಕದಲ್ಲಿ "ಮಾನಸಿಕ ಆರೋಗ್ಯ ಸಂಸ್ಥೆ"ಯೇ. ಮದ್ಯ ಮತ್ತು ಮಾದಕ ವ್ಯಸನವೂ ಅದರೊಳಗೆ ಬರುತ್ತದೆ. ತಾತ್ಕಾಲಿಕ ನೋಂದಣಿಯ ಅವಧಿ 12 ತಿಂಗಳು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಎರಡನೇ ಸಲ 2 ಲಕ್ಷದವರೆಗೆ, ಆಮೇಲೆ ಪ್ರತಿ ಸಲವೂ 5 ಲಕ್ಷದವರೆಗೆ. ಪ್ರಮಾಣಪತ್ರವನ್ನು ನಿಮ್ಮ ಕಣ್ಣಾರೆ ನೋಡಿ. ಹಾಸಿಗೆಗಳ ಸಂಖ್ಯೆ, ವಿಳಾಸ, ದಿನಾಂಕ ಮೂರೂ ಸರಿ ಇವೆಯೇ? ಕಟ್ಟಡ ಬದಲಾಯಿಸಿ ಹಳೆಯ ವಿಳಾಸದ ಪ್ರಮಾಣಪತ್ರಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದೂ ಉಂಟು.

ಹಂತ 2: ಒಪ್ಪಿಗೆ ಕೊಡುವ ಮೊದಲು ಒಂದು ಹಾಳೆ ಬರೆಸಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುವಷ್ಟು ವ್ಯವಧಾನ ಇದ್ದರೆ ಇದನ್ನೇ ಪಾಲಿಸಿ. ನೇಮಕಾತಿ ಪತ್ರದ ಜೊತೆ ಒಂದು ಪುಟದ "ಯಾರ ತೀರ್ಮಾನ" ಹಾಳೆ ಇರಲಿ. ಎಡಕ್ಕೆ ತೀರ್ಮಾನ, ಮಧ್ಯದಲ್ಲಿ ತೀರ್ಮಾನಿಸುವವರು, ಬಲಕ್ಕೆ ಎಷ್ಟು ಹೊತ್ತಿನೊಳಗೆ ಯಾರಿಗೆ ತಿಳಿಸಬೇಕು ಎಂಬುದು. ಕನಿಷ್ಠ ಇಷ್ಟು ಸಾಲುಗಳು ಇರಲೇಬೇಕು:

- ಹೊಸಬರನ್ನು ದಾಖಲಿಸಿಕೊಳ್ಳುವುದು, ನಿರಾಕರಿಸುವುದು
- ಬಿಡುಗಡೆ, ಮನೆಗೆ ರಜೆ ಮೇಲೆ ಕಳಿಸುವುದು
- ಔಷಧಿ ಬದಲಾವಣೆ (ಇಲ್ಲಿ ಮನೋವೈದ್ಯರ ಹೆಸರು ಮಾತ್ರ)
- ರಾತ್ರಿ ತುರ್ತಿನಲ್ಲಿ ಜನರಲ್ ಆಸ್ಪತ್ರೆಗೆ ಕಳಿಸುವುದು (ಇಲ್ಲಿ ಪಾಳಿಯಲ್ಲಿರುವ ನರ್ಸ್ ಹೆಸರು, ನಿಮ್ಮ ಅನುಮತಿಗೆ ಕಾಯುವಂತೆ ಇರಬಾರದು)
- ಸಿಬ್ಬಂದಿ ನೇಮಕ, ಅಮಾನತು, ವಜಾ
- ಶುಲ್ಕ ರಿಯಾಯಿತಿ, ಎಷ್ಟರವರೆಗೆ
- ಟ್ರಸ್ಟಿಗಳನ್ನು ಕೇಳದೆ ಮಾಡಬಹುದಾದ ಖರ್ಚಿನ ಮಿತಿ
- ಪೊಲೀಸ್, ಪತ್ರಿಕೆ, ಪ್ರಾಧಿಕಾರದ ಜೊತೆ ಮಾತಾಡುವವರು

ರಿಯಾಯಿತಿಯ ಸಾಲು ಸಣ್ಣದಾಗಿ ಕಾಣುತ್ತದೆ. ಆದರೆ ಮುಖ್ಯಸ್ಥರಿಗೂ ಟ್ರಸ್ಟಿಗಳಿಗೂ ಮೊದಲ ಮನಸ್ತಾಪ ಹುಟ್ಟುವುದು ಬಹುತೇಕ ಅಲ್ಲೇ. ಟ್ರಸ್ಟಿಯೊಬ್ಬರು ತಮ್ಮ ಪರಿಚಯದವರನ್ನು "ಅರ್ಧ ಫೀಸಿಗೆ ಇಟ್ಕೊಳ್ಳಿ" ಎಂದು ಕಳಿಸುತ್ತಾರೆ, ತಿಂಗಳ ಕೊನೆಗೆ ಅವರೇ "ಆದಾಯ ಯಾಕೆ ಕಮ್ಮಿ?" ಎಂದು ಕೇಳುತ್ತಾರೆ. ವರ್ಷಕ್ಕೆ ಇಷ್ಟು ರಿಯಾಯಿತಿ ಹಾಸಿಗೆಗಳು, ಅದರ ಕೊರತೆ ತುಂಬುವುದು ಇಂಥ ನಿಧಿಯಿಂದ ಎಂದು ಬರೆದಿದ್ದರೆ ಆ ಮಾತೇ ಬರುವುದಿಲ್ಲ.

ಹಾಳೆಗೆ ಅಧ್ಯಕ್ಷರ ಸಹಿ, ಮನೋವೈದ್ಯರ ಸಹಿ, ನಿಮ್ಮ ಸಹಿ, ಮೂರೂ ಬೇಕು. "ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ ಮೇಡಂ" ಎಂದು ನಗುತ್ತಾರೆ. ನೀವೂ ನಕ್ಕು, ಪೆನ್ನು ಕೊಡಿ.

ಹಂತ 3: ನಿಮ್ಮ ಕ್ಲೈಂಟ್‌ಗಳನ್ನು ಎಂಟರಿಂದ ಹನ್ನೆರಡು ವಾರದಲ್ಲಿ ಒಪ್ಪಿಸಿ

ವಾರಕ್ಕೆ 20–25 ಸೆಷನ್ ಮಾಡುತ್ತಿದ್ದವರು ಅದನ್ನು ಹಾಗೇ ಇಟ್ಟುಕೊಂಡು ಆಡಳಿತವನ್ನೂ ಮಾಡುತ್ತೇನೆ ಎಂದು ಹೊರಡುವುದು ಈ ಬದಲಾವಣೆಯ ಅತಿ ಸಾಮಾನ್ಯ ತಪ್ಪು. ಮೂರನೇ ತಿಂಗಳಿಗೆ ಸೆಷನ್ ನಡುವೆ ಫೋನ್ ಬರುತ್ತದೆ, ಸೆಷನ್ ತಪ್ಪುತ್ತದೆ, ಎರಡೂ ಕೆಡುತ್ತವೆ. ಹಾಗಂತ ಸೊನ್ನೆಗೂ ಇಳಿಸಬೇಡಿ. ವಾರಕ್ಕೆ ನಾಲ್ಕರಿಂದ ಆರು ಸೆಷನ್ ಇದ್ದರೆ ಕೈ ಹದ ತಪ್ಪುವುದಿಲ್ಲ. ಕಿರಿಯರೂ "ಇವರಿಗೆ ಈಗ ನೆಲದ ಕಷ್ಟ ಗೊತ್ತಿಲ್ಲ" ಎನ್ನಲಾರರು. ಆ ಸೆಷನ್‌ಗಳು ಕೇಂದ್ರದ ಒಳರೋಗಿಗಳದ್ದಾಗದೆ ಹೊರರೋಗಿಗಳದ್ದಾಗಿರಲಿ. ಬಿಡುಗಡೆಗೂ ಶುಲ್ಕ ಬಾಕಿಗೂ ಸಹಿ ಹಾಕುವ ಕೈಯೇ ಥೆರಪಿಯನ್ನೂ ಮಾಡಿದರೆ ಎದುರಿಗೆ ಕೂತವರು ಮನಸ್ಸು ಬಿಚ್ಚುವುದು ಕಷ್ಟ.

ಒಪ್ಪಿಸುವಾಗ ಕ್ಲೈಂಟ್‌ಗಳನ್ನು ಮೂರು ಗುಂಪು ಮಾಡಿ. ಮುಗಿಯುವ ಹಂತದವರನ್ನು ನೀವೇ ಮುಗಿಸಿ. ಮಧ್ಯದಲ್ಲಿರುವವರಿಗೆ ಹೊಸ ಥೆರಪಿಸ್ಟ್ ಜೊತೆ ಕನಿಷ್ಠ ಒಂದು ಜಂಟಿ ಸೆಷನ್ ಇರಲಿ. ಆತ್ಮಹತ್ಯೆಯ ಅಪಾಯ ಇರುವವರನ್ನು ಕೊನೆಗೆ, ಮನೋವೈದ್ಯರಿಗೆ ತಿಳಿಸಿ, ಎರಡು ಮೂರು ಜಂಟಿ ಸೆಷನ್ ಆದಮೇಲೆ ಒಪ್ಪಿಸಿ. "ನನಗೆ ಪ್ರಮೋಷನ್ ಆಯ್ತು" ಎಂಬ ಸುದ್ದಿ ಕೆಲವರ ಕಿವಿಗೆ "ನಿನ್ನನ್ನು ಬಿಟ್ಟೆ" ಎಂದೇ ಬೀಳುತ್ತದೆ. ಆದ್ದರಿಂದ ಕೊನೆಯ ಸೆಷನ್‌ನಲ್ಲಿ ಅಲ್ಲ, ಕನಿಷ್ಠ ನಾಲ್ಕು ಸೆಷನ್ ಮೊದಲೇ ಹೇಳಿ.

ಹಂತ 4: ಮೊದಲ ತಿಂಗಳು ಯೋಜನೆ ಬೇಡ, ರಿಜಿಸ್ಟರ್ ಮತ್ತು ರಾತ್ರಿ ಸಾಕು

ಹೊಸ ಮುಖ್ಯಸ್ಥರಿಂದ ಮೊದಲ ವಾರವೇ "ವಿಷನ್" ಕೇಳುತ್ತಾರೆ. ಕೊಡಬೇಡಿ. ಮೂವತ್ತು ದಿನ ಎರಡೇ ಕೆಲಸ.

ಮೊದಲನೆಯದು, ಕಾಗದ. ಕಳೆದ ಮೂರು ತಿಂಗಳಲ್ಲಿ ದಾಖಲಾದವರ ಹತ್ತು ಕೇಸ್ ಶೀಟ್‌ಗಳನ್ನು ಚೀಟಿ ಎತ್ತಿದಂತೆ ಆರಿಸಿ. ಪ್ರತಿಯೊಂದರಲ್ಲೂ ನೋಡಬೇಕಾದ್ದು: ದಾಖಲಾತಿ ಯಾವ ಸೆಕ್ಷನ್ ಅಡಿಯಲ್ಲಿ, ಸ್ವತಂತ್ರ ದಾಖಲಾತಿ (ಸೆಕ್ಷನ್ 86, ತಾವಾಗಿ ಬಂದು ಸೇರಿದವರದ್ದು) ಆಗಿದ್ದರೆ ಅರ್ಜಿಯಲ್ಲಿ ಸಹಿ ಅವರದ್ದೋ ಅವರ ಅಣ್ಣನದ್ದೋ, ಬೆಂಬಲಿತ ದಾಖಲಾತಿ ಆಗಿದ್ದರೆ ನಾಮನಿರ್ದೇಶಿತ ಪ್ರತಿನಿಧಿ (ಅವರ ಪರವಾಗಿ ನಿಲ್ಲುವವರು) ಯಾರು, ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ 7 ದಿನದೊಳಗೆ ವರದಿ ಹೋಗಿದೆಯೇ. ಮಹಿಳೆ ಅಥವಾ ಅಪ್ರಾಪ್ತರಾದರೆ ಈ ಗಡುವು 3 ದಿನ. ಬೆಂಬಲಿತ ದಾಖಲಾತಿ 30 ದಿನಕ್ಕೆ ಮುಗಿಯುತ್ತದೆ. ಮುಂದುವರಿಯಬೇಕಾದರೆ ಸೆಕ್ಷನ್ 90ರ ಪ್ರಕಾರ ಇಬ್ಬರು ಮನೋವೈದ್ಯರ ಪರೀಕ್ಷೆ ಬೇಕು. ಹತ್ತರಲ್ಲಿ ಎರಡರಲ್ಲಿ ಲೋಪ ಕಂಡರೂ ಬಿಡಿ ತಪ್ಪು ಎಂದು ತಳ್ಳಿಹಾಕಬೇಡಿ, ಪದ್ಧತಿಯೇ ಕೆಟ್ಟಿದೆ ಎಂದು ತಿಳಿಯಿರಿ.

ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಒಂದಿದೆ. ಸ್ವತಂತ್ರವಾಗಿ ದಾಖಲಾದವರು "ನಾನು ಹೋಗ್ತೀನಿ" ಎನ್ನುತ್ತಾರೆ. ಊರಿಂದ ತಂದೆ ಫೋನ್ ಮಾಡಿ, "ಯಾವ ಕಾರಣಕ್ಕೂ ಕಳಿಸ್ಬೇಡಿ ಸರ್, ಮೂರು ತಿಂಗಳ ದುಡ್ಡು ಕಟ್ಟಿದ್ದೀವಿ" ಎನ್ನುತ್ತಾರೆ. ಸೆಕ್ಷನ್ 88ರ ಪ್ರಕಾರ, ನಿಗದಿತ ಕಾರಣಗಳಿದ್ದರೆ, ಬೆಂಬಲಿತ ದಾಖಲಾತಿ ಬೇಕೇ ಎಂದು ಪರೀಕ್ಷಿಸಲು 24 ಗಂಟೆ ಮಾತ್ರ ತಡೆಯಬಹುದು. ದುಡ್ಡು ಕಟ್ಟಿದವರು ತಂದೆಯೇ ಆದರೂ ಹೊರಡುವ ಹಕ್ಕು ಮಗನದ್ದು. ಇದನ್ನು ದಾಖಲಾತಿಯ ದಿನವೇ ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಸಹಿ ಪಡೆದಿರಬೇಕು. ಜಗಳದ ದಿನ ಕಾಯ್ದೆ ಓದಿ ಹೇಳಿದರೆ ಯಾರೂ ಕೇಳುವುದಿಲ್ಲ.

ಎರಡನೆಯದು, ರಾತ್ರಿ. ತಿಂಗಳಲ್ಲಿ ಮೂರು ಸಲ, ಹೇಳದೆ, ರಾತ್ರಿ 11, ಬೆಳಗಿನ 3, ಬೆಳಗಿನ 6ಕ್ಕೆ ಒಂದೊಂದು ಸುತ್ತು. ಯಾರನ್ನೋ ಹಿಡಿಯುವ ಉದ್ದೇಶದಿಂದ ಅಲ್ಲ, ಹಗಲು ಕಾಣದ್ದನ್ನು ಕಾಣುವುದಕ್ಕೆ. ತುರ್ತು ಬಾಗಿಲಿನ ಕೀಲಿ ಯಾರ ಹತ್ತಿರ? ಅದು ಎರಡು ನಿಮಿಷದಲ್ಲಿ ಸಿಗುತ್ತದೆಯೇ? ಸ್ನಾನದ ಮನೆಗೆ ಒಳಚಿಲಕ ಇದೆಯೇ, ಅದನ್ನು ಹೊರಗಿನಿಂದ ತೆಗೆಯಲು ಬರುತ್ತದೆಯೇ? ಫ್ಯಾನ್ ಕೊಕ್ಕೆ, ಪರದೆ ಸಲಾಕೆ, ಶವರ್ ಪೈಪ್ ಎಷ್ಟು ಭಾರ ತಡೆಯುತ್ತವೆ? ಔಷಧಿ ಬೀರು ಬೀಗ ಹಾಕಿದೆಯೋ ಅಥವಾ ಬೀಗ ಬರೀ ತೂಗುತ್ತಿದೆಯೋ? ಬೆಳಗಿನ 6ರ ಸುತ್ತಿನಲ್ಲಿ ನೋಡಬೇಕಾದ್ದು ಕೆಲಸ. ನಿವಾಸಿಗಳು ಅಡುಗೆಮನೆಯಲ್ಲಿ ಮೂವತ್ತು ಜನಕ್ಕೆ ತರಕಾರಿ ಹೆಚ್ಚುತ್ತಾ, ವರಾಂಡ ಒರೆಸುತ್ತಾ ಇದ್ದರೆ, ಅದರ ಹೆಸರು "ಆಕ್ಟಿವಿಟಿ ಥೆರಪಿ" ಎಂದು ಬರೆದಿದ್ದರೂ, ಸೆಕ್ಷನ್ 20 ಅದನ್ನು ಬಲವಂತದ ಕೆಲಸ ಎಂದು ನೋಡಬಹುದು. ಅವರಾಗಿ ಒಪ್ಪಿ ಮಾಡುವ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು. ಬಲವಂತದ ತಲೆ ಬೋಳಿಸುವಿಕೆ, ಬಲವಂತದ ಸಮವಸ್ತ್ರ ಎರಡೂ ಅದೇ ಸೆಕ್ಷನ್‌ನಲ್ಲಿ ನಿಷಿದ್ಧ. ಹೇನು ಕಾಟ ಎಂದು ನೆಪ ಹೇಳುತ್ತಾರೆ. ಹೇನಿಗೆ ಔಷಧಿ ಇದೆ.

ಹಂತ 5: ರೋಸ್ಟರ್ ಗಣಿತ

ಸೈಕಾಲಜಿಸ್ಟರಿಗೆ ಯಾರೂ ಕಲಿಸದ, ಆದರೆ ಎಲ್ಲಕ್ಕಿಂತ ಮೊದಲು ಬೇಕಾಗುವ ವಿದ್ಯೆ ಇದು. ಒಂದು ಜಾಗದಲ್ಲಿ 24 ಗಂಟೆ, ವರ್ಷವಿಡೀ ಒಬ್ಬರು ಇರಬೇಕಾದರೆ ಎಷ್ಟು ಜನ ಬೇಕು?

ದಿನಕ್ಕೆ ಮೂರು ಪಾಳಿ, ವರ್ಷಕ್ಕೆ 365 × 3 = 1,095 ಪಾಳಿ. ಒಬ್ಬ ವ್ಯಕ್ತಿ ವರ್ಷದಲ್ಲಿ ನಿಜವಾಗಿ ಬರುವುದು ಎಷ್ಟು ದಿನ? 365ರಲ್ಲಿ ವಾರದ ರಜೆ 52, ಹಬ್ಬದ ರಜೆ 10, ಉಳಿದ ಎಲ್ಲ ರಜೆ ಸೇರಿ 27 ಎಂದಿಟ್ಟುಕೊಳ್ಳಿ. ಉಳಿದದ್ದು 276. 1,095ನ್ನು 276ರಿಂದ ಭಾಗಿಸಿದರೆ 3.97. ಅಂದರೆ ಒಂದು ಜಾಗಕ್ಕೆ ನಾಲ್ಕು ಜನ, ಮೂರಲ್ಲ.

30 ನಿವಾಸಿಗಳಿಗೆ ಎಲ್ಲ ಹೊತ್ತಿನಲ್ಲೂ ಮೂವರು ಕೇರ್‌ಟೇಕರ್, ಒಬ್ಬ ನರ್ಸ್ ಬೇಕು ಎಂದು ತೀರ್ಮಾನಿಸಿದರೆ 12 ಕೇರ್‌ಟೇಕರ್, 4 ನರ್ಸ್ ಆಗುತ್ತದೆ. ಎಂಟು ಕೇರ್‌ಟೇಕರ್ ಇಟ್ಟುಕೊಂಡು "ಹೇಗೋ ನಡೀತಿದೆ" ಎನ್ನುವ ಕೇಂದ್ರದಲ್ಲಿ ನಡೆಯುತ್ತಿರುವುದು ಡಬಲ್ ಡ್ಯೂಟಿ. ಹದಿನಾರು ಗಂಟೆ ನಿಂತವರ ತಾಳ್ಮೆ ರಾತ್ರಿ ಎರಡಕ್ಕೆ ಇರುವುದಿಲ್ಲ. ಗದರುತ್ತಾರೆ, ಕೋಣೆಗೆ ಚಿಲಕ ಹಾಕುತ್ತಾರೆ, ಕಟ್ಟುತ್ತಾರೆ. ಆಮೇಲೆ ಮುಖ್ಯಸ್ಥರು "ಸಿಬ್ಬಂದಿಗೆ ಸಂವೇದನಾಶೀಲತೆ ತರಬೇತಿ" ಏರ್ಪಡಿಸುತ್ತಾರೆ! ತಪ್ಪು ಇದ್ದದ್ದು ಭಾಗಾಕಾರದಲ್ಲಿ. ಒಂದು ಕಡೆ ನಿರ್ಬಂಧದ ರಿಜಿಸ್ಟರ್, ಇನ್ನೊಂದು ಕಡೆ ಹಾಜರಿ ಪುಸ್ತಕ ಇಟ್ಟು ದಿನಾಂಕ ಹೋಲಿಸಿ ನೋಡಿ.

ರಾತ್ರಿ ಒಬ್ಬರೇ ಇರುವಂತೆ ಎಂದೂ ರೋಸ್ಟರ್ ಹಾಕಬೇಡಿ. ಒಬ್ಬ ನಿವಾಸಿಯನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದರೆ ಉಳಿದ 29 ಜನಕ್ಕೆ ಯಾರೂ ಇಲ್ಲದಂತಾಗುತ್ತದೆ. ಪಾಳಿ ಬದಲಾಗುವಾಗ ಇಬ್ಬರೂ ಒಟ್ಟಿಗೆ ಇರುವ 15 ನಿಮಿಷ ಸಂಬಳದ ಸಮಯವೇ ಆಗಿರಲಿ. ಹ್ಯಾಂಡ್‌ಓವರ್ ಗೇಟಿನ ಹತ್ತಿರ, ಬಸ್ಸಿನ ಅವಸರದಲ್ಲಿ ನಡೆದರೆ "ಆ ಹುಡುಗ ಊಟ ಬಿಟ್ಟಿದ್ದಾನೆ" ಎಂಬ ಮಾತು ಬಿಟ್ಟುಹೋಗುತ್ತದೆ.

ಹಂತ 6: ದುಡ್ಡು

"ಲೆಕ್ಕ ಆಡಿಟರ್ ನೋಡಿಕೊಳ್ಳುತ್ತಾರೆ" ಎಂದು ಬಿಟ್ಟುಬಿಡಬೇಡಿ. ಆಡಿಟರ್ ನೋಡುವುದು ಹೋದ ವರ್ಷವನ್ನು. ನಿಮಗೆ ಬೇಕಾದ್ದು ಎಷ್ಟು ಹಾಸಿಗೆ ತುಂಬಿದರೆ ತಿಂಗಳು ಸರಿತೂಗುತ್ತದೆ ಎಂಬ ಒಂದು ಅಂಕಿ.

ಉದಾಹರಣೆಗೆ, ಸಂಬಳ 6,60,000, ಬಾಡಿಗೆ 1,80,000, ವಿದ್ಯುತ್, ವಾಹನ, ದುರಸ್ತಿ ಇತ್ಯಾದಿ 1,20,000 ಎಂದುಕೊಳ್ಳೋಣ. ಹಾಸಿಗೆ ಖಾಲಿ ಇದ್ದರೂ ತಿಂಗಳಿಗೆ 9,60,000 ಹೋಗುತ್ತದೆ. ಒಬ್ಬ ನಿವಾಸಿಯ ಊಟ, ಬಟ್ಟೆ, ಸಾಬೂನು ಸೇರಿ 9,000, ಶುಲ್ಕ 50,000. ಪ್ರತಿ ನಿವಾಸಿಯಿಂದ ಸ್ಥಿರ ಖರ್ಚಿಗೆ ಉಳಿಯುವುದು 41,000. 9,60,000ನ್ನು 41,000ದಿಂದ ಭಾಗಿಸಿದರೆ 23.4, ಅಂದರೆ 24 ಜನ, ಹಾಸಿಗೆಗಳ ಶೇ 80. ಇಬ್ಬರಿಗೆ ಅರ್ಧ ಶುಲ್ಕ ಬಿಟ್ಟರೆ ಅವರಿಂದ ಉಳಿಯುವುದು ತಲಾ 16,000, ಆಗ ಒಟ್ಟು 25 ಜನ ಬೇಕಾಗುತ್ತದೆ. ಎರಡು ರಿಯಾಯಿತಿಯ ಬೆಲೆ ಒಂದು ಹೆಚ್ಚುವರಿ ಹಾಸಿಗೆ. ಇದನ್ನು ತಿಳಿದು ರಿಯಾಯಿತಿ ಕೊಡುವುದೇ ಬೇರೆ, ಕರುಳು ಕರಗಿ ಕೊಟ್ಟು ಸಂಬಳ ತಡಮಾಡುವುದೇ ಬೇರೆ.

ಇಲ್ಲಿ ಒಂದು ಕೆಟ್ಟ ಆಮಿಷವೂ ಇದೆ. ಹಾಸಿಗೆ ತುಂಬಿರಬೇಕು ಎಂಬ ಒತ್ತಡದಲ್ಲಿ ಮನೆಗೆ ಹೋಗಲು ತಯಾರಾದವರನ್ನು "ಇನ್ನೊಂದು ತಿಂಗಳು ಇರಲಿ" ಎನ್ನುವುದು. ಕುಟುಂಬ ಒಪ್ಪುವುದಿಲ್ಲ, ಹೋಗಲು ಜಾಗವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಸಂಸ್ಥೆಯಲ್ಲಿ ಉಳಿಸಬಾರದು ಎಂದು ಸೆಕ್ಷನ್ 19 ಹೇಳುತ್ತದೆ. ಬಿಡುಗಡೆಯ ತೀರ್ಮಾನ ಮಾಡುವ ಸಭೆಯಲ್ಲಿ ಹಾಸಿಗೆ ಲೆಕ್ಕದ ಹಾಳೆ ಮೇಜಿನ ಮೇಲೆ ಇರಬಾರದು. ಎರಡೂ ಸಭೆ ಬೇರೆ ಬೇರೆ ದಿನ ಇಡಿ.

ಕನಿಷ್ಠ ಮೂರು ತಿಂಗಳ ಸ್ಥಿರ ಖರ್ಚು ಬ್ಯಾಂಕಿನಲ್ಲಿ ಇರುವಂತೆ ಟ್ರಸ್ಟಿಗಳನ್ನು ಒಪ್ಪಿಸಿ. ವಿದೇಶಿ ದೇಣಿಗೆ ಬರುವ ಟ್ರಸ್ಟ್ ಆದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿಯ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ನಿಮ್ಮ ಸಂಬಳ ಆ 20ರಲ್ಲಿ ಬರುತ್ತದೆಯೇ, ಕಾರ್ಯಕ್ರಮ ವೆಚ್ಚದಲ್ಲಿ ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಹಂತ 7: ನಿನ್ನೆಯ ಸಹೋದ್ಯೋಗಿ, ಇಂದಿನ ಕೈಕೆಳಗಿನವರು

ಥೆರಪಿಸ್ಟ್ ಆಗಿ ನಿಮ್ಮ ಬಲ ಏನಿತ್ತೋ ಅದೇ ಇಲ್ಲಿ ಕಾಲಿಗೆ ತೊಡರುತ್ತದೆ. ಕೇಳುವುದು, ತೀರ್ಪು ಕೊಡದಿರುವುದು, ಉತ್ತರವನ್ನು ಎದುರಿನವರೇ ಕಂಡುಕೊಳ್ಳಲಿ ಎಂದು ಕಾಯುವುದು ಥೆರಪಿ ಕೋಣೆಯಲ್ಲಿ ಚಿಕಿತ್ಸೆ. ಸಿಬ್ಬಂದಿ ಸಭೆಯಲ್ಲಿ ಅದೇ ವಿಳಂಬ. ಸತತ ಮೂರನೇ ಸಲ ಪಾಳಿಗೆ ತಡವಾಗಿ ಬಂದವರನ್ನು ಕೂರಿಸಿ "ಇದರ ಹಿಂದೆ ಏನಿದೆ ಅನ್ಸುತ್ತೆ?" ಎಂದು ಕೇಳಿದರೆ ಅವರು ಮನೆಯ ಕಷ್ಟವನ್ನೆಲ್ಲ ಹೇಳುತ್ತಾರೆ, ನಾಲ್ಕನೇ ಸಲವೂ ತಡವಾಗಿ ಬರುತ್ತಾರೆ. ಆಡಳಿತದ ಮಾತಿಗೆ ಇಷ್ಟು ಸಾಕು: "ಸೋಮವಾರ, ಬುಧವಾರ, ಇವತ್ತು, ಮೂರು ದಿನ ಅರ್ಧ ಗಂಟೆ ತಡ. ನಿಮ್ಮ ಬದಲಿಗೆ ಸಿಸ್ಟರ್ ನಿಂತಿದ್ದರು. ನಾಳೆಯಿಂದ ಎಂಟಕ್ಕೆ ಇರಬೇಕು. ಪಾಳಿ ಬದಲಾಯಿಸಬೇಕಿದ್ದರೆ ಇವತ್ತು ಸಂಜೆಯೊಳಗೆ ಹೇಳಿ." ಹೇಳಿದ್ದನ್ನು ಅದೇ ದಿನ ಬರೆದಿಡಿ.

ಸಿಬ್ಬಂದಿಗೆ ಥೆರಪಿ ಮಾಡಬೇಡಿ. ಕೇಳಿಕೊಂಡು ಬಂದರೂ ಬೇಡ. ಹೊರಗಿನವರ ಹೆಸರು ಕೊಡಿ. ಅವರ ಖಿನ್ನತೆಯ ವಿಷಯ ನಿಮಗೆ ಗೊತ್ತಿದ್ದು, ಆರು ತಿಂಗಳ ಮೇಲೆ ಅವರ ಬಡ್ತಿ ತಪ್ಪಿದರೆ, ಎರಡಕ್ಕೂ ಸಂಬಂಧ ಇಲ್ಲ ಎಂದು ನೀವು ಯಾರನ್ನೂ ನಂಬಿಸಲಾರಿರಿ.

ಕಿರಿಯ ಸೈಕಾಲಜಿಸ್ಟ್‌ಗಳ ಸೂಪರ್‌ವಿಷನ್ (ಅವರ ಕೇಸ್‌ಗಳ ಬಗ್ಗೆ ಹಿರಿಯರ ಜೊತೆ ಚರ್ಚೆ) ವಾರಕ್ಕೆ ಒಂದು ಗಂಟೆ, ಕ್ಯಾಲೆಂಡರ್‌ನಲ್ಲಿ ಅಲುಗದಂತೆ ಇರಲಿ. ಆದರೆ ಅದನ್ನು ನಡೆಸುವವರು ಅವರ ಸಂಬಳ ಏರಿಕೆ ತೀರ್ಮಾನಿಸುವವರು ಆಗಿರಬಾರದು. ಒಳಗೆ ಬೇರೆ ಹಿರಿಯರು ಇಲ್ಲದಿದ್ದರೆ ಹೊರಗಿನಿಂದ ತಿಂಗಳಿಗೆ ಎರಡು ಸಲ ಕರೆಸಿ. ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವ ಜಾಗವೂ ಅಂಕ ಬೀಳುವ ಜಾಗವೂ ಒಂದೇ ಆದರೆ ಯಾರೂ ತಪ್ಪು ಹೇಳುವುದಿಲ್ಲ.

ಗೋಪ್ಯತೆಯ ಅಭ್ಯಾಸ ಇನ್ನೊಂದು ಕಡೆ ಬಲವಾಗಿ ಹೊಡೆಯುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ವರದಿ ಮಾಡಲೇಬೇಕು. ಕೈಕೆಳಗಿನ ಸಿಬ್ಬಂದಿಯೇ ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. "ಮೊದಲು ನಾವೇ ವಿಚಾರಿಸೋಣ" ಎಂದು ಎರಡು ವಾರ ಕಳೆಯುವುದು ಕಾನೂನಿನ ಕಣ್ಣಲ್ಲಿ ವಿಚಾರಣೆ ಅಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಮಹಿಳೆಯರು, ಒಬ್ಬರು ಹೊರಗಿನವರು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಹಂತ 8: ಮನೋವೈದ್ಯರ ಜೊತೆ

ಹೆಚ್ಚು ಬರೆಯುವ ಅಗತ್ಯವಿಲ್ಲ, ಹಂತ 2ರ ಹಾಳೆ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿದಿರುತ್ತದೆ. ಉಳಿದರ್ಧಕ್ಕೆ ವಾರಕ್ಕೆ 20 ನಿಮಿಷ, ಬಾಗಿಲು ಹಾಕಿ, ಇಬ್ಬರೇ. ಸಿಬ್ಬಂದಿಯ ಮುಂದೆ ಅವರ ಔಷಧಿಯ ಬಗ್ಗೆ ಪ್ರಶ್ನೆ ಎತ್ತಬೇಡಿ, ನಿಮ್ಮ ರೋಸ್ಟರ್ ಬಗ್ಗೆ ಅವರೂ ಎತ್ತದಂತೆ ಮಾತಾಡಿಕೊಳ್ಳಿ. ಔಷಧಿ ಅತಿಯಾಗಿದೆ ಅನ್ನಿಸಿದರೆ "ಡೋಸ್ ಜಾಸ್ತಿ ಆಯ್ತು ಡಾಕ್ಟ್ರೇ" ಎನ್ನುವ ಬದಲು ನೋಡಿದ್ದನ್ನು ಹೇಳಿ: "ನಾಲ್ಕು ದಿನದಿಂದ ಹಗಲು ಹನ್ನೊಂದರವರೆಗೆ ಏಳ್ತಿಲ್ಲ, ನಿನ್ನೆ ಎರಡು ಸಲ ತೂರಾಡಿ ಬಿದ್ದರು." ತೀರ್ಮಾನ ಅವರದ್ದು, ಗಮನಿಸಿದ್ದು ನಿಮ್ಮದು.

ಹಂತ 9: ಕೆಟ್ಟ ದಿನಕ್ಕೆ ಮೊದಲೇ ಬರೆದಿಡಿ

ನಿರ್ಬಂಧದ ಬಗ್ಗೆ ಕಾಯ್ದೆ ಖಚಿತವಾಗಿದೆ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಸಂಪೂರ್ಣ ನಿಷಿದ್ಧ, ಸರಪಳಿ ಯಾವ ರೂಪದಲ್ಲೂ ನಿಷಿದ್ಧ. ದೈಹಿಕ ನಿರ್ಬಂಧ ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಕಾರಣ, ವಿಧಾನ, ಅವಧಿ ಬರೆಯಬೇಕು. ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸುವ ಗಡುವು 24 ಗಂಟೆ. ತಿಂಗಳಿಗೊಮ್ಮೆ ಪುನರ್‌ಪರಿಶೀಲನಾ ಮಂಡಳಿಗೆ ವರದಿ. ವರದಿಯಲ್ಲಿ ತಿಂಗಳುಗಟ್ಟಲೆ ಸೊನ್ನೆ ಬರುತ್ತಿದ್ದರೆ ಸಂತೋಷಪಡುವ ಮೊದಲು ರಾತ್ರಿ ಪಾಳಿಯವರನ್ನು ಕೇಳಿ.

ಆತ್ಮಹತ್ಯೆ ನಡೆದರೆ ಮೊದಲ ಗಂಟೆಯಲ್ಲಿ ಮಾಡುವುದು: ಜೀವ ಉಳಿಸುವ ಪ್ರಯತ್ನ, ಆಂಬುಲೆನ್ಸ್, ಜೀವ ಹೋಗಿದ್ದರೆ ಆ ಜಾಗ ಮುಟ್ಟದಂತೆ ಒಬ್ಬರನ್ನು ನಿಲ್ಲಿಸಿ ಪೊಲೀಸರಿಗೆ ತಿಳಿಸುವುದು (ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸೆಕ್ಷನ್ 194ರ ಮಹಜರು ಅವರ ಕೆಲಸ), ಮನೆಯವರಿಗೆ ನೀವೇ, ನಿಮ್ಮ ದನಿಯಲ್ಲೇ ಹೇಳುವುದು. "ಸೀರಿಯಸ್ ಇದೆ, ಬನ್ನಿ" ಎಂದು ಸುಳ್ಳು ಹೇಳಿ ಕರೆಸಬೇಡಿ. ಆ ಸುಳ್ಳು ಆಮೇಲೆ ಎಲ್ಲ ಸತ್ಯದ ಮೇಲೂ ಅನುಮಾನ ಹುಟ್ಟಿಸುತ್ತದೆ.

ಕೇಸ್ ಶೀಟ್ ತಕ್ಷಣ ನಿಮ್ಮ ವಶಕ್ಕೆ ಪಡೆದು ಬೀಗ ಹಾಕಿ, ಪ್ರತಿ ಮಾಡಿಸಿಕೊಳ್ಳಿ. ಗಾಬರಿಯಲ್ಲಿ ಸಿಬ್ಬಂದಿ ಮಾಡುವ ಮೊದಲ ತಪ್ಪು ಖಾಲಿ ಸಾಲುಗಳನ್ನು ತುಂಬುವುದು. ಬಿಟ್ಟುಹೋದದ್ದನ್ನು ಬರೆಯಲೇಬೇಕಾದರೆ ಕೆಳಗೆ, ಈಗಿನ ದಿನಾಂಕ ಮತ್ತು ಸಮಯ ಹಾಕಿ, "ತಡವಾಗಿ ಬರೆದದ್ದು" ಎಂದು ಬರೆಯಲಿ.

ಅದೇ ರಾತ್ರಿ ಉಳಿದ ನಿವಾಸಿಗಳಿಗೆ ಸಣ್ಣ ಗುಂಪುಗಳಲ್ಲಿ ಹೇಳಿ, ವಿಧಾನದ ವಿವರ ಬಿಟ್ಟು. ಹತ್ತಿರದವರಾಗಿದ್ದವರ ಮೇಲೆ ಒಂದು ವಾರ ಹೆಚ್ಚಿನ ನಿಗಾ ಇಡಿ. ಸಿಬ್ಬಂದಿಯನ್ನೆಲ್ಲ ಕೂರಿಸಿ ನಡೆದದ್ದನ್ನು ಕಡ್ಡಾಯವಾಗಿ ಹೇಳಿಸುವ ಒಂದೇ ಬೈಠಕ್ಕಿನ ಡಿಬ್ರೀಫಿಂಗ್ ಬೇಡ. ಅದರಿಂದ ಉಪಯೋಗವಿಲ್ಲ ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಸಲಹೆ ಮಾಡುವುದಿಲ್ಲ. ಊಟ, ಪಾಳಿ ಬದಲಿ, ಮನೆಗೆ ಬಿಡುವ ವಾಹನ, ಮಾತಾಡಬೇಕೆನಿಸಿದರೆ ಯಾರು ಸಿಗುತ್ತಾರೆ ಎಂಬ ಮಾಹಿತಿ, ಇಷ್ಟು ಮೊದಲು. ಏನು ತಪ್ಪಿತು ಎಂಬ ಪರಿಶೀಲನೆ ಎರಡು ವಾರದ ನಂತರ, ಹೊರಗಿನ ಒಬ್ಬರನ್ನು ಕೂರಿಸಿಕೊಂಡು.

ಸರ್ಕಾರಿ ದಾರಿ ಹಿಡಿದವರಿಗೆ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರದ್ದು. ಅದರ ಜಿಲ್ಲಾ ರೂಪ 1996ರಲ್ಲಿ ಬಂತು, ಮಾದರಿ ನಮ್ಮದೇ ಬಳ್ಳಾರಿ. ಆ ಜಿಲ್ಲಾ ತಂಡದಲ್ಲಿ ಸೈಕಾಲಜಿಸ್ಟ್ ಹುದ್ದೆ ಇದ್ದರೂ ಮುಂದಾಳತ್ವ ಸಾಮಾನ್ಯವಾಗಿ ಮನೋವೈದ್ಯರದ್ದು, ನಿಮ್ಮ ಹುದ್ದೆ ಬಹುಮಟ್ಟಿಗೆ ಗುತ್ತಿಗೆಯದ್ದು. ಹೆಸರಿಲ್ಲದ ನಾಯಕತ್ವ ಅಲ್ಲಿ ಸಿಗುತ್ತದೆ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳ ಯೋಜನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಇನ್ನೊಂದು ಜಾಗ. ಅಲ್ಲಿ ಕರೆ ಸ್ವೀಕರಿಸುವವರ ಸೂಪರ್‌ವಿಷನ್ ಮಾಡಿದ ಅನುಭವ ಮುಂದೆ ಎಲ್ಲಿ ಹೋದರೂ ಬೆಲೆ ಬಾಳುತ್ತದೆ. ಹದಿನೈದು ವರ್ಷ ಅನುಭವ ಆದವರು ನೆನಪಿಡಬೇಕಾದ್ದು, ರಾಜ್ಯ ಪ್ರಾಧಿಕಾರದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಗೆ ಕಾಯ್ದೆಯೇ ಸ್ಥಾನ ಕೊಟ್ಟಿದೆ. ನಾಮನಿರ್ದೇಶನದ ಅಧಿಸೂಚನೆಗಳ ಮೇಲೆ ಕಣ್ಣಿಡಿ.

ಹಂತ 10: ತಿಂಗಳಿಗೆ ಆರು ಅಂಕಿ, ಮತ್ತು ನಿಮ್ಮ ರಜೆ

ಮೂವತ್ತು ಸೂಚ್ಯಂಕಗಳ ಡ್ಯಾಶ್‌ಬೋರ್ಡ್ ಯಾರೂ ಓದುವುದಿಲ್ಲ. ಆರು ಸಾಕು: ಬಿಡುಗಡೆಯಾದವರಲ್ಲಿ 7 ದಿನದೊಳಗೆ ನಾವು ಫೋನ್ ಮಾಡಿ ಮಾತಾಡಿದವರು ಎಷ್ಟು, ನಿರ್ಬಂಧ ಎಷ್ಟು ಸಲ, ಯಾವ ಪಾಳಿಯಲ್ಲಿ, ಡಬಲ್ ಡ್ಯೂಟಿ ಎಷ್ಟು, ನಡೆಯಬೇಕಿದ್ದ ಸೂಪರ್‌ವಿಷನ್‌ನಲ್ಲಿ ನಡೆದದ್ದು ಎಷ್ಟು, ಮೊದಲ ಸೆಷನ್ ಆದಮೇಲೆ ಮತ್ತೆ ಬಾರದ ಹೊರರೋಗಿಗಳು ಎಷ್ಟು, ಕೆಲಸ ಬಿಟ್ಟವರು ಎಷ್ಟು. ಮೊದಲನೆಯದು ಯಾಕೆ ಮೊದಲು ಎಂದರೆ, ಬಿಡುಗಡೆಯಾದ ಮೊದಲ ಕೆಲವು ದಿನ, ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು. ಆ ಫೋನ್ ಯಾರ ಕೆಲಸ ಎಂದು ಹೆಸರು ಹಾಕದಿದ್ದರೆ ಅದು ಯಾರ ಕೆಲಸವೂ ಅಲ್ಲ.

ಒಂದು ವರ್ಷದೊಳಗೆ ಕನಿಷ್ಠ ಹತ್ತು ದಿನ ಒಟ್ಟಿಗೆ ರಜೆ ಹಾಕಿ. ವಿಶ್ರಾಂತಿಗೆ ಹೌದು, ಪರೀಕ್ಷೆಗೂ ಹೌದು: ನೀವಿಲ್ಲದಾಗ ಯಾವ ಯಾವ ಕೆಲಸ ನಿಂತಿತು ಎಂಬ ಪಟ್ಟಿಯೇ ಮುಂದಿನ ವರ್ಷ ಬೇರೆಯವರಿಗೆ ಕಲಿಸಬೇಕಾದ ಕೆಲಸಗಳ ಪಟ್ಟಿ. ಹೊರಡುವ ಮೊದಲು ಹಂತ 2ರ ಹಾಳೆಯ ಪ್ರತಿ ತೆಗೆದು, ನಿಮ್ಮ ಹೆಸರಿದ್ದ ಪ್ರತಿ ಸಾಲಿನಲ್ಲೂ ಆ ಹತ್ತು ದಿನಕ್ಕೆ ಯಾರು ಎಂದು ಬರೆಯಿರಿ. ಕಾಯ್ದೆಯ ಸಹಿಗಳಿಗೆ ರಾಜ್ಯ ಪ್ರಾಧಿಕಾರದ ಪಟ್ಟಿಯಲ್ಲಿ ಇರುವವರನ್ನೇ ಹಾಕಿ, ಅವರ ಫೋನ್ ನಂಬರ್ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ. ಮ್ಯಾನೇಜರ್ ಕೈಗೆ ಕೀಲಿ ಕೊಟ್ಟು "ಸ್ವಲ್ಪ ನೋಡ್ಕೊಳ್ಳಿ" ಎಂದು ಹೊರಡಬೇಡಿ.